ಎರಡನೇ ಸಾಕ್ಷಿಯ ಜಾಗ

ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಠಾಣೆಯೊಳಗೆ ನುಗ್ಗಿದವನ ಅಂಗಿ ರಕ್ತದಲ್ಲಿ ತೊಯ್ದುಹೋಗಿತ್ತು. "ಅಪ್ಪನ್ನ ಕೊಂದ್ಹಾಕಿದಾರೆ ಸರ್! ತಬ್ಬಿ ಎತ್ತೋಕೆ ನೋಡ್ದೆ, ತಲೆ ಒಡೆದುಹೋಗಿದೆ ಸರ್!" ಎಂದವನೇ ಬೆಂಚಿನ ಮೇಲೆ ಕುಸಿದ.

ಬೀದಿಯವರೆಲ್ಲ ಮುಂಗೋಪಿ ಎಂದೇ ಕರೆಯುವ ಮಗರಾಯ ಇವನು. ನಿನ್ನೆಯಷ್ಟೇ ಆಸ್ತಿ ವಿಷಯಕ್ಕೆ ಅಪ್ಪನ ಕೊರಳಪಟ್ಟಿ ಹಿಡಿದಿದ್ದನೆಂದು ಮುಖ್ಯಪೇದೆ ಇನ್‌ಸ್ಪೆಕ್ಟರ್ ಕಿವಿಯಲ್ಲಿ ಉಸುರಿದ. ಇನ್ನೇನು ಬೇಕು! ಠಾಣೆಯ ಅರ್ಧ ಜನ ಮನಸ್ಸಿನಲ್ಲೇ ಅವನನ್ನು ಗಲ್ಲಿಗೇರಿಸಿ ಆಗಿತ್ತು. ಇನ್‌ಸ್ಪೆಕ್ಟರ್ ಮಾತ್ರ ಎಫ್‌ಐಆರ್ ಬರೆಸಿ, ಅವನನ್ನು ಅಲ್ಲೇ ಕೂರಿಸಿ ಮುಖ್ಯಪೇದೆಯೊಂದಿಗೆ ಜೀಪು ಹತ್ತಿದರು. ಹಿಂದೊಮ್ಮೆ ಇಂಥದ್ದೇ ಆತುರದಲ್ಲಿ ಏನೂ ತಿಳಿಯದವನೊಬ್ಬನನ್ನು ಎಂಟು ತಿಂಗಳು ಜೈಲಿಗೆ ತಳ್ಳಿದ್ದರು. ಆ ಸಂಕಟ ಅವರಿಗಿನ್ನೂ ಆರಿರಲಿಲ್ಲ. ಇವನೂ ಹಾಗೇ ಬಲಿಯಾಗಬಾರದು.

ಕೊಲೆ ನಡೆದದ್ದು ಅವನಪ್ಪನ ಕುರ್ಚಿ, ಮೇಜು ಮಾಡುವ ಮರಗೆಲಸದ ಕಾರ್ಖಾನೆಯಲ್ಲಿ. ವಾರದ ರಜೆಯಾದ್ದರಿಂದ ಕೆಲಸಗಾರರಿರಲಿಲ್ಲ. 11.40ಕ್ಕೆ ಪಂಚನಾಮೆ ಶುರುವಾಯಿತು. ಯಜಮಾನರು ಮೇಜಿನ ಮೇಲೆ ಬೋರಲು ಬಿದ್ದಿದ್ದರು. ತಲೆಯ ಹಿಂಭಾಗಕ್ಕೆ ಮೂರು ಏಟು. ಮೂರನೆಯದಕ್ಕೆ ಬುರುಡೆ ಒಳಕ್ಕೆ ಕುಸಿದಿತ್ತು. ಗೋಡೆಗೆ, ಕಿಟಕಿ ಗಾಜಿಗೆ, ಸೂರಿಗೆ ಕೂಡ ರಕ್ತ ಚಿಮ್ಮಿತ್ತು.

ಹೆಣದ ಎದೆಯಡಿಯಲ್ಲಿ ಮೂರು ಹಾಳೆಯ ಉಯಿಲು ಸಿಕ್ಕಿತು. ಯಜಮಾನರ ಸಹಿಯಾಗಿತ್ತು. ಮೊದಲ ಸಾಕ್ಷಿ ಎದುರಿನ ಔಷಧಿ ಅಂಗಡಿಯವನು. ಹತ್ತು ಗಂಟೆಗೆ ಸಹಿ ಹಾಕಿ ಹೋದೆನೆಂದ. ಎರಡನೇ ಸಾಕ್ಷಿಯ ಜಾಗದಲ್ಲಿ ಮೇಸ್ತ್ರಿಯ ಹೆಸರು ಟೈಪಾಗಿತ್ತು, ಸಹಿ ಇರಲಿಲ್ಲ.

ಮೂವತ್ತೊಂದು ವರ್ಷದಿಂದ ಇಲ್ಲೇ ದುಡಿದ ಮೇಸ್ತ್ರಿ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ.

"ಎಲ್ಲಿದ್ರಿ?"

"ಮರದ ಡಿಪೋದಲ್ಲಿ ಸ್ವಾಮಿ. ಬರೋಷ್ಟರಲ್ಲಿ ಹೀಗಾಗಿತ್ತು."

"ಸಹಿಗೆ ಕರೆದಿದ್ರಾ?"

"ಇಲ್ಲ ಸ್ವಾಮಿ."

ಇನ್‌ಸ್ಪೆಕ್ಟರ್ ಹತಾರಗಳ ಗೋಡೆಯ ಮುಂದೆ ನಿಂತರು. ಒಂದೊಂದು ಹತಾರಕ್ಕೂ ಅದರದೇ ಆಕಾರ ಬರೆದು ಮೊಳೆ ಹೊಡೆದಿತ್ತು. ಒಂದೂ ಆಚೀಚೆಯಾಗಿರಲಿಲ್ಲ. ಕೈಗವಸು ತೊಟ್ಟು ದೊಡ್ಡ ಸುತ್ತಿಗೆ ಇಳಿಸಿದರು. ಹೊಸದಾಗಿ ಎಣ್ಣೆ ಸವರಿ ಫಳಫಳ ಹೊಳೆಯುತ್ತಿತ್ತು. ಹಿಡಿ ಸೇರುವ ಸಂದಿಯಲ್ಲಿ ಮಾತ್ರ ಕೆಂಪು ಇನ್ನೂ ಒಣಗಿರಲಿಲ್ಲ. ಅದನ್ನು ಮರೆಮಾಡಿ ಹಿಡಿದು, ಹರಟೆಗೆಂಬಂತೆ ಕೇಳಿದರು.

"ಮುಂಗೋಪಿ ಕೆಲಸ ಮಾಡಿದ್ರೆ ಹತಾರ ಎಲ್ಲಿಡ್ತಾನೆ?"

"ಅವನಾ!" ಮೇಸ್ತ್ರಿಗೆ ಅಳುವಿನ ನಡುವೆಯೂ ರೇಗಿತು. "ಬಿಸಾಕಿದ ಕಡೆ ಬಿದ್ದಿರತ್ತೆ ಸ್ವಾಮಿ. ಒರೆಸಿ ಎಣ್ಣೆ ಹಚ್ಚಿ ನೇತುಹಾಕೋಕೆ ನಾನೊಬ್ಬ ಇದೀನಲ್ಲ. ಇನ್ಯಾರಿಗಿದೆ ಆ ಶ್ರದ್ಧೆ?"

ಹೇಳಿದ ಮೇಲೆ ಅವನ ಮುಖ ಬಿಳಿಚಿತು. ತಟ್ಟನೆ ಗೋಡೆಯಲ್ಲಿದ್ದ ಉಳಿಯೊಂದನ್ನು ಕಿತ್ತು ಮುಖ್ಯಪೇದೆಯ ಭುಜಕ್ಕೆ ಚುಚ್ಚಿದ. "ಅಯ್ಯೋ!" ಎಂದು ಪೇದೆ ಉರುಳಿದ. ಮೇಸ್ತ್ರಿ ಉಳಿ ಕಿತ್ತು ಮತ್ತೆ ಎತ್ತುವಷ್ಟರಲ್ಲಿ ಇನ್‌ಸ್ಪೆಕ್ಟರ್ ಅವನ ಮಣಿಕಟ್ಟು ಹಿಡಿದು ಕೆಲಸದ ಮೇಜಿನ ಅಂಚಿಗೆ ಒಂದು ಸಲ, ಎರಡು ಸಲ ಬಡಿದರು. ಮೂಳೆ ಮುರಿದ ಸದ್ದು ಕೇಳಿಸಿತು. ಉಳಿ ಕೆಳಗೆ ಬಿತ್ತು. 12.25ಕ್ಕೆ ದಸ್ತಗಿರಿ.

ಮುಖ್ಯಪೇದೆಯನ್ನು ಆಸ್ಪತ್ರೆಗೆ ಸೇರಿಸಿ, ಮೇಸ್ತ್ರಿಯ ಮುರಿದ ಕೈಗೂ ಅಲ್ಲೇ ಪಟ್ಟಿ ಹಾಕಿಸಿ, ಮಧ್ಯಾಹ್ನ ಮೂರಕ್ಕೆ ಠಾಣೆಯಲ್ಲಿ ಕೂರಿಸಿದಾಗ ಅವನೇ ಬಾಯಿಬಿಟ್ಟ.

"ಕಾರ್ಖಾನೆ ನಿಂದೇ ಕಣಯ್ಯಾ ಅಂತ ವರ್ಷಗಟ್ಲೆ ಅಂದಿದ್ರು ಸ್ವಾಮಿ. ಇವತ್ತು ಸಾಕ್ಷಿ ಹಾಕು ಅಂದ್ರು. ಸಾಕ್ಷಿ ಹಾಕ್ದೋನಿಗೆ ಉಯಿಲಲ್ಲಿ ಚಿಕ್ಕಾಸೂ ಇಲ್ಲ ಅಂತ ಕೇಳಿದ್ದೆ. ಓದ್ದೆ. ಎಲ್ಲಾ ಮಗನಿಗೇ. ನನ್ ಗತಿ ಏನು ಯಜಮಾನ್ರೇ ಅಂದೆ. ನಕ್ಕುಬಿಟ್ರು ಸ್ವಾಮಿ. ಆತುರಗಾರ, ಮೊದ್ಲು ಸಹಿ ಹಾಕು ಅಂದ್ರು. ಮೈಯೆಲ್ಲ ಉರಿದುಹೋಯ್ತು."

ಅಷ್ಟರಲ್ಲಿ ಸುದ್ದಿ ಕೇಳಿ ಯಜಮಾನರ ವಕೀಲರು ಏದುಸಿರು ಬಿಡುತ್ತ ಬಂದರು. ಚೀಲದಿಂದ ಬೇರೊಂದು ಪತ್ರ ತೆಗೆದು ಮೇಜಿನ ಮೇಲಿಟ್ಟರು.

"ಮೇಸ್ತ್ರಿ ಹೆಸರಿಗೆ ಕಾರ್ಖಾನೆಯ ದಾನಪತ್ರ ಇನ್‌ಸ್ಪೆಕ್ಟರೇ. ಉಯಿಲಲ್ಲಿ ಬರೆದ್ರೆ ನಾನು ಸತ್ಮೇಲೆ ಮಗ ಇವನನ್ನ ಕೋರ್ಟಿಗೆ ಎಳೀತಾನೆ, ಬದುಕಿದ್ದಾಗ್ಲೇ ಕೊಟ್ಬಿಡ್ತೀನಿ ಅಂದಿದ್ರು ಯಜಮಾನ್ರು. ಅವರ ಸಹಿ ಆಗಿದೆ. ಉಯಿಲಿನ ಕೆಲಸ ಮುಗಿಸಿ, ಒಪ್ಪಿಗೆ ಸಹಿಗೆ ಇವನನ್ನ ಮಧ್ಯಾಹ್ನ ಕರ್ಕೊಂಡು ಬರ್ತೀನಿ, ಅಲ್ಲೀತನಕ ಹೇಳ್ಬೇಡಿ, ಅವನ ಮುಖ ನೋಡ್ಬೇಕು ಅಂದಿದ್ರು."

ಮೇಸ್ತ್ರಿ ಪತ್ರವನ್ನು ಮುಟ್ಟಲಿಲ್ಲ. ತನ್ನ ಹೆಸರಿದ್ದ ಸಾಲನ್ನೇ ಬಹಳ ಹೊತ್ತು ನೋಡಿದ.

"ಅದಕ್ಕೇ ನಗ್ತಿದ್ರಾ ಸ್ವಾಮಿ?" ಎಂದು ಕೇಳಿದ.

ಅವನು ಹಣೆಯನ್ನು ಮೇಜಿಗೆ ಚಚ್ಚಿಕೊಳ್ಳತೊಡಗಿದ. ನೆತ್ತರು ಸುರಿದರೂ ನಿಲ್ಲಿಸಲಿಲ್ಲ. ಹಿಡಿದು ಕೂರಿಸಲು ನಾಲ್ಕು ಜನ ಬೇಕಾಯಿತು.