ಹಿಂದಿನ ಕೋಣೆಯ ಅಮಿಗಾ

ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿರುವ ಡಾಕ್ಟರ್ ಚಂದ್ರಿಕಾಗೆ ಇದ್ದ ಒಂದೇ ಹುಚ್ಚೆಂದರೆ ಅಮಿಗಾ ಎಂಬ ಹಳೆಯ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವುದು. ಅಂಥ ಯಂತ್ರಗಳಲ್ಲೇ ಚಿತ್ರ, ಸಂಗೀತ ಮಾಡಿ ಸ್ಪರ್ಧೆಗೆ ತರುವವರ ಕೂಟವೊಂದು ಡರ್ಬಿಯಲ್ಲಿ ಸೇರುವುದಿತ್ತು. ಆ ಶನಿವಾರ ಮಧ್ಯಾಹ್ನ ಆಸ್ಪತ್ರೆಯ ದಣಿವು ಮೈತುಂಬ ಇದ್ದರೂ ಅವಳು ಹಿಂದಿನ ಕೋಣೆಯಲ್ಲಿ ಕೂತು, ಕಟ್ಟಿದ್ದನ್ನೇ ಮತ್ತೆ ಮತ್ತೆ ನುಡಿಸಿ ತಿದ್ದುತ್ತಿದ್ದಳು. ನೈಟ್ ಡ್ಯೂಟಿ ಮುಗಿಸಿ ಬಂದ ಗಂಡ ಅಚ್ಯುತ ಪಕ್ಕದ ಕೋಣೆಯಲ್ಲಿ ಮಲಗಿದ್ದ.

ಸಂಗೀತದ ವೇಗ ತಾನಾಗಿಯೇ ಇಳಿಯತೊಡಗಿತು. ಅವಳು ಏರಿಸಿದಳು, ಅದು ಮತ್ತೆ ಇಳಿಯಿತು. ಕೀಬೋರ್ಡ್ ಮಂಜಿನಷ್ಟು ತಣ್ಣಗಾಗಿತ್ತು. ಕಿವಿಗೊಟ್ಟು ಕೇಳಿದರೆ ತಾಳವು ಅಚ್ಯುತನ ಗೊರಕೆಗೆ ಸರಿಯಾಗಿ ಕೂಡುತ್ತಿತ್ತು. ಬೇಸತ್ತು ನಿಲ್ಲಿಸಿದಳು. ಗೊರಕೆಯೂ ನಿಂತಿತು.

ಎದ್ದು ಹೋಗಿ ನೋಡಿದರೆ ಅವನ ಎದೆ ಏಳುತ್ತಿರಲಿಲ್ಲ, ತುಟಿ ಬಣ್ಣಗೆಟ್ಟಿತ್ತು. ಹೆಸರು ಹಿಡಿದು ಕೂಗಿದಳು, ಭುಜ ಅಲುಗಿಸಿದಳು. ಡಾಕ್ಟರಾಗಿ ಏನು ಮಾಡಬೇಕೆಂದು ಗೊತ್ತಿದ್ದರೂ ಅವಳ ಕಾಲುಗಳು ಹಿಂದಿನ ಕೋಣೆಗೇ ಓಡಿದವು. ಸಂಗೀತ ಶುರುವಾದದ್ದೇ ತಡ, ಅವನು ದೀರ್ಘವಾಗಿ ಉಸಿರೆಳೆದದ್ದು ಗೋಡೆಯಾಚೆಯಿಂದ ಕೇಳಿಸಿತು.

ಸಂಜೆ ಅಚ್ಯುತ ಟೀ ಹಿಡಿದು ಬಾಗಿಲಲ್ಲಿ ನಿಂತ.

"ಇನ್ನೂ ಮುಗೀಲಿಲ್ವಾ ಚಂದ್ರಿ? ಆಫ್ ಮಾಡು, ತಲೆ ನೋಯ್ತಿದೆ."

"ಇರ್ಲಿ ಬಿಡು. ಸೌಂಡ್ ಕಮ್ಮಿ ಮಾಡ್ತೀನಿ."

"ಡರ್ಬಿಗೆ ತಗೊಂಡು ಹೋಗಲ್ವಾ?"

"ಇಲ್ಲ. ಈ ಸಲ ಬೇಡ," ಎಂದಳು.

ಇದಾಗಿ ಒಂದು ಚಳಿಗಾಲ ಕಳೆದಿದೆ. ಅವಳು ಅಮಿಗಾವನ್ನು ಒಮ್ಮೆಯೂ ನಿಲ್ಲಿಸಿಲ್ಲ. ಈ ವಾರ ಅದರ ವೇಗ ಇನ್ನಷ್ಟು ಇಳಿದಿದೆ.