ಕಂಪ್ಯೂಟರಿಗೊಂದು ಕುಂಚಿಗೆ

"ಹೋತು! ಮತ್ತ ಹೋತು!"

ಪ್ರೀತಿ ಕೀಬೋರ್ಡಿನಿಂದ ಕೈ ತೆಗೆದು ತಲೆಯ ಮೇಲಿಟ್ಟುಕೊಂಡಳು. ಪರದೆ ಕಪ್ಪಾಗಿತ್ತು. ಆರನೇ ಪುಟ ಅರ್ಧ ಟೈಪ್ ಆಗಿತ್ತು, ಸೇವ್ ಮಾಡಿರಲಿಲ್ಲ. ಇಪ್ಪತ್ತು ನಿಮಿಷ ಆಗುವುದೇ ತಡ, ಹಾಳಾದ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಆರಿಹೋಗುತ್ತಿತ್ತು. ಅದರ ಸಿಪಿಯು ಡಬ್ಬಿ ಮುಟ್ಟಿದರೆ ರೊಟ್ಟಿ ಹಂಚಿನ ಹಾಗೆ ಬಿಸಿ.

ಶಾಲೆಯ ಗೋಡೆ ಪತ್ರಿಕೆ ಸೋಮವಾರಕ್ಕೆ ಬೇಕು. ಒಟ್ಟು ಹನ್ನೆರಡು ಪುಟ. "ನಮ್ಮ ಮನ್ಯಾಗ ಕಂಪ್ಯೂಟರ್ ಐತ್ರಿ ಟೀಚರ್, ನಾ ಮಾಡ್ಕೊಂಡ್ ಬರ್ತೇನ್ರಿ" ಎಂದು ಇಡೀ ಆರನೇ ಕ್ಲಾಸಿನ ಮುಂದೆ ಜಂಬದಿಂದ ಹೇಳಿ ಬಂದವಳು ಅವಳೇ. ಈಗ ಶುಕ್ರವಾರ ಸಂಜೆ. ಮುಗಿದದ್ದು ಐದೇ ಪುಟ.

ಪಕ್ಕದ ಕೋಣೆಯಲ್ಲಿ ಎರಡು ಪವರ್ ಲೂಮ್ ಖಟಾಖಟಾ ಎಂದು ಓಡುತ್ತಿದ್ದವು. ಆ ಸದ್ದಿನ ನಡುವೆಯೂ ಅಪ್ಪನಿಗೆ ಅವಳ ಕೂಗು ಕೇಳಿತು. ಅಪ್ಪ ಈಶ್ವರ ಬಾಗಿಲಿಗೆ ಬಂದು, ಮೊದಲು ನಾಲ್ಕು ಸಲ ಕೆಮ್ಮಿ, ಆಮೇಲೆ ಮಾತಾಡಿದ.

"ಏನಾತ್ ಬೇ?"

"ಮತ್ತ ಬಂದ್ ಆತಪ್ಪಾ."

"ಅದರ ಕತಿ ಮುಗೀತ್ ಬಿಡು. ರವಿವಾರ ನಿಮ್ಮ ಮಾಮಾ ಬರ್ತಾನ, ವಾಪಸ್ ಒಯ್ಯಲಿ. ಬನಹಟ್ಟಿ ಮಗ್ಗದ ಮನ್ಯಾಗ ಇಂಥಾವ ಬಾಳಂಗಿಲ್ಲ."

ಪ್ರೀತಿಗೆ ಅಳು ಬಂದಂತಾಯಿತು. ಜಮಖಂಡಿಯ ಕರೆಪ್ಪ ಮಾಮಾ ದೀಪಾವಳಿಗೆ ತಂದುಕೊಟ್ಟ ಕಂಪ್ಯೂಟರು ಅದು. ಹಳೆಯದಾದರೂ ಅವಳದು. ಬಂದು ಇನ್ನೂ ನಾಲ್ಕೇ ತಿಂಗಳು. ಆದರೂ ಅವಳು ಅಳಲಿಲ್ಲ.

"ಒಯ್ಯಾಕ ಕೊಡಂಗಿಲ್ಲ. ರವಿವಾರದೊಳಗ ನಾನ ಅದನ್ನ ಸರಿ ಮಾಡ್ತೇನಿ" ಎಂದಳು.

"ಮಾಡವ್ವಾ, ಮಾಡು" ಎಂದು ಅಪ್ಪ ನಕ್ಕು, ಕೆಮ್ಮುತ್ತಾ ಮಗ್ಗದ ಕಡೆಗೆ ಹೋದ.

ಮಗ್ಗದ ಮನೆಯಲ್ಲಿ ಎಲ್ಲದಕ್ಕೂ ಹೊದಿಕೆ ಬೇಕು. ಮಗ್ಗ ಓಡಿದಾಗ ನೂಲಿನಿಂದ ನವಿರಾದ ಅರಳೆ ಧೂಳು ಏಳುತ್ತದೆ. ಅದಕ್ಕೆ ಇಂಥಲ್ಲಿ ಕೂರಬಾರದೆಂಬ ನಾಚಿಕೆಯೇ ಇಲ್ಲ. ರೊಟ್ಟಿಯ ಮೇಲೆ, ಮೊಸರಿನ ಮೇಲೆ, ಹುಬ್ಬಿನ ಮೇಲೆ ಎಲ್ಲೆಂದರಲ್ಲಿ ಕೂರುತ್ತದೆ. ಹೀಗಾಗಿ ಟೀವಿಗೆ ಹೊದಿಕೆ, ಮಿಕ್ಸರಿಗೆ ಹೊದಿಕೆ. ಕಂಪ್ಯೂಟರ್ ಬಂದ ದಿನವೇ ಅಜ್ಜಿ ಸಾವಿತ್ರೆವ್ವ ತನ್ನ ಹಳೆಯ ಇಳಕಲ್ ಸೀರೆ ಹರಿದು, ಎರಡು ಪದರ ಹಾಕಿ, ಕೂಸುಗಳಿಗೆ ಹೊಲಿಯುವ ಹಾಗೆ ಡಬ್ಬಿಗೊಂದು ಕುಂಚಿಗೆ ಹೊಲಿದಿದ್ದಳು. ತಲೆಯಿಂದ ಕಾಲಿನವರೆಗೆ ಮುಚ್ಚುವಂಥದು. ಕೆಳಗೆ ಲಾಡಿ ಬೇರೆ. ಕಂಪ್ಯೂಟರ್ ಹಚ್ಚಿದಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ.

"ಎಲ್ಲೋ ಸಂದಿಂದ ಧೂಳ್ ಒಳಗ ಹೋಗಾಕತ್ತೈತಿ" ಎಂದಳು ಅಜ್ಜಿ. ಪ್ರೀತಿ ಅವಳನ್ನು ಆಯಿ ಎನ್ನುತ್ತಿದ್ದಳು.

"ಹೌದು ಆಯಿ. ಇನ್ನೂ ಗಟ್ಟಿ ಮುಚ್ಚೂಣು."

ಕುಂಚಿಗೆಯ ಮೇಲೆ ಕೌದಿ ಹೊದಿಸಿದರು. ಕಂಪ್ಯೂಟರು ಏಳೇ ನಿಮಿಷಕ್ಕೆ ಆರಿತು.

ಪ್ರೀತಿ ಸೋಲುವವಳಲ್ಲ. ಕೌದಿ, ಕುಂಚಿಗೆ ಎರಡನ್ನೂ ಕಿತ್ತೆಸೆದು ಟೇಬಲ್ ಫ್ಯಾನ್ ತಂದು ಡಬ್ಬಿಯ ಎದುರಿಗಿಟ್ಟಳು. ಮೊದಲ ಸಲ ಹನ್ನೆರಡು ನಿಮಿಷ ಓಡಿತು. "ಆತ್ ನೋಡು!" ಎಂದು ಕುಣಿದಳು. ಎರಡನೇ ಸಲ ಐದು ನಿಮಿಷಕ್ಕೇ ಟಪ್! ಫ್ಯಾನು ಇದ್ದದ್ದು ಮಗ್ಗದ ಕೋಣೆಯ ಬಾಗಿಲಲ್ಲಿ. ಅದು ಅಲ್ಲಿಯ ಧೂಳನ್ನೆಲ್ಲ ಬಾಚಿ ತಂದು ಡಬ್ಬಿಯ ಮುಖಕ್ಕೆ ಎರಚುತ್ತಿತ್ತು. ಪಾಪ, ಅದು ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಶಾಲೆ ಮುಗಿಸಿ ಬಂದಾಗ ಅಪ್ಪ ಮಗ್ಗ ನಿಲ್ಲಿಸಿ, ಕುಕ್ಕರಗಾಲಲ್ಲಿ ಕೂತು ಅದರ ಮೋಟರಿನ ಧೂಳನ್ನು ಬ್ರಷ್ಷಿನಿಂದ ಜಾಡಿಸುತ್ತಿದ್ದ. ವಾರಕ್ಕೊಮ್ಮೆ ಅವನು ಮಾಡುವ ಕೆಲಸವೇ ಅದು. ಪ್ರೀತಿ ಅದನ್ನು ಸಾವಿರ ಸಲ ನೋಡಿದ್ದಳು. ಇವತ್ತು ಮಾತ್ರ ಚೀಲ ಇಳಿಸದೆ ಅಲ್ಲೇ ನಿಂತಳು.

"ಅಪ್ಪಾ, ಮನ್ಯಾಗ ಎಲ್ಲಾದಕ್ಕೂ ಕುಂಚಿಗಿ ಹಾಕೇವಿ. ಮೋಟರಿಗಿ ಯಾಕ ಹಾಕಿಲ್ಲ?"

"ಹುಚ್ಚಿ! ಓಡೂ ಮೋಟರಿಗಿ ಯಾರರ ಮುಚ್ಚತಾರನ? ಕಾವು ಹೊರಗ ಹೋಗಬೇಕಲ್ಲ. ಇಲ್ಲಂದ್ರ ಸುಟ್ಟ ಹೋಗತೈತಿ. ಮುಚ್ಚೂದಲ್ಲ, ಜಾಡಸ್ಬೇಕು."

ಪ್ರೀತಿಯ ಕಣ್ಣುಗಳು ಅಗಲವಾದವು. "ಸ್ಕ್ರೂಡ್ರೈವರ್ ಕೊಡಪ್ಪಾ!"

"ಮೊದಲ ಕಂಪ್ಯೂಟರಿನ ವೈರ್ ಕೀಳು. ಕಿತ್ತ ಮ್ಯಾಲ ಕೊಡ್ತೇನಿ" ಎಂದ ಅಪ್ಪ. ಅವಳು ವೈರ್ ಕಿತ್ತು, ಅದರ ತುದಿಯನ್ನು ತಂದು ಅವನ ಕಣ್ಣ ಮುಂದೆ ಹಿಡಿದು ತೋರಿಸಿದಳು.

ಡಬ್ಬಿಯ ಪಕ್ಕೆ ತೆರೆದು ಇಬ್ಬರೂ ಒಳಗೆ ಬಗ್ಗಿ ನೋಡಿದರು. ಒಳಗಿನ ಪುಟ್ಟ ಫ್ಯಾನು ಕಾಣಿಸುತ್ತಲೇ ಇರಲಿಲ್ಲ. ಅದರ ಮೇಲೆ ಕಂಬಳಿಯಂತೆ ಅರಳೆ ಹೆಪ್ಪುಗಟ್ಟಿತ್ತು. ಪ್ರೀತಿ ಮೆಲ್ಲಗೆ ಎತ್ತಿದಳು. ಒಂದೇ ತುಂಡಾಗಿ ಎದ್ದು ಬಂತು. ಕೆಳಗೆ ಹಸಿರು ಪದರ, ಮೇಲೆ ದಪ್ಪನೆಯ ಕೆಂಪು ಪದರ.

"ದೀಪಾವಳಿಗೆ ಹಸರ ಸೀರಿ ನೇದಿದ್ದಿ" ಎಂದಳು ಅವಳು. "ಆಮ್ಯಾಲ ಕೆಂಪು."

"ಹೌದಲ್ಲ!" ಎಂದ ಅಪ್ಪ. ಅವನಿಗೂ ಬೆರಗಾಗಿತ್ತು.

ಪೆನ್ಸಿಲ್ ಚುಚ್ಚಿ ಫ್ಯಾನು ತಿರುಗದಂತೆ ಅವಳು ಹಿಡಿದಳು. ಅಪ್ಪ ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಮೂಲೆಮೂಲೆಗೆ ಮೆತ್ತನೆಯ ಬ್ರಷ್ ಆಡಿಸಿದರು. ಅಪ್ಪನಿಗೆ ಕೆಮ್ಮು ಬಂದು ನಡುನಡುವೆ ನಿಲ್ಲಬೇಕಾಯಿತು. ಎಲ್ಲ ಮುಗಿದ ಮೇಲೆ ಡಬ್ಬಿ ಮುಚ್ಚಿ ಕಂಪ್ಯೂಟರ್ ಹಚ್ಚಿ, ಪ್ರೀತಿ ಗಡಿಯಾರ ನೋಡುತ್ತಾ ಕೂತಳು. ಇಪ್ಪತ್ತು ನಿಮಿಷವಾಯಿತು. ನಲವತ್ತಾಯಿತು. ಒಂದು ತಾಸಾದರೂ ಪರದೆ ಬೆಳಗುತ್ತಲೇ ಇತ್ತು.

"ಇನ್ನ ಹೊಚ್ಚಲೇನ?" ಎಂದು ಆಯಿ ಕುಂಚಿಗೆ ಹಿಡಿದು ಬಂದಳು.

ಪ್ರೀತಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. "ಆಯಿ, ನೀ ಹೊಲಿದಿದ್ದು ಭಾಳ ಛಲೋ ಐತಿ. ಖರೆ, ಅದರೊಳಗ ಇದರ ಉಸಿರು ಕಟ್ಟತೈತಿ. ಬಂದ್ ಮಾಡಿ ತಣ್ಣಗಾದ ಮ್ಯಾಲ ಹಾಕೂಣು."

ಆಯಿಯ ಮುಖ ಸಣ್ಣದಾಯಿತು. ಕುಂಚಿಗೆಯ ಅಂಚನ್ನು ಬೆರಳಲ್ಲಿ ಸವರಿದಳು. ಆಮೇಲೆ ಕೇಳಿದಳು, "ಹಂಗಾದ್ರ ಹಚ್ಚಿದಾಗ ಧೂಳ್ ಹೋಗತೈತಲ್ಲ, ಅದಕ್ಕೇನ್ ಮಾಡ್ತಿ?"

ಉತ್ತರ ಹುಡುಕಿದವಳೂ ಆಯಿಯೇ. ಅಡುಗೆಮನೆಗೆ ಹೋಗಿ, ಶ್ರೀಖಂಡಕ್ಕೆ ಮೊಸರು ಕಟ್ಟುವ ತೆಳು ಬಟ್ಟೆ ತಂದಳು. "ಇದರಾಗ ನೀರು ಇಳೀತೈತಿ, ಮೊಸರು ನಿಲ್ಲತೈತಿ. ಗಾಳಿ ಹೋಗಿ ಧೂಳ್ ನಿಲ್ಲಂಗಿಲ್ಲನ?"

ಅಂಗೈಯಗಲದ ತುಂಡು ಕತ್ತರಿಸಿ, ಸುತ್ತ ಇಲಾಸ್ಟಿಕ್ ಹಾಕಿ, ಡಬ್ಬಿಗೆ ಗಾಳಿ ಹೋಗುವ ಜಾಲರಿಯ ಮೇಲೆ ಮಾತ್ರ ಕೂರಿಸಿದರು. ಪ್ರೀತಿ ಮತ್ತೆ ಒಂದು ತಾಸು ಕಾದಳು. ಡಬ್ಬಿ ಉಗುರುಬೆಚ್ಚಗಿತ್ತು, ಅಷ್ಟೇ. ಡಬ್ಬಿಯನ್ನು ಮಗ್ಗದ ಕೋಣೆಯ ಬಾಗಿಲಿನಿಂದ ದೂರ, ಕಿಟಕಿಯ ಹತ್ತಿರ ಸರಿಸಿಟ್ಟಳು.

ರವಿವಾರ ಮಾಮಾ ಬಂದ. ಮಂಡಕ್ಕಿ ಮೆಲ್ಲುತ್ತಾ, ಚಹಾ ಕುಡಿಯುತ್ತಾ ಎರಡು ತಾಸು ಕೂತ. ಅಷ್ಟು ಹೊತ್ತೂ ಪ್ರೀತಿ ತಲೆ ಎತ್ತದೆ ಟಕಟಕ ಟೈಪ್ ಮಾಡುತ್ತಿದ್ದಳು. ಹನ್ನೆರಡನೇ ಪುಟ ಸೇವ್ ಆಯಿತು.

"ಏನಪಾ ಈಶ್ವರ, ಕೆಟ್ಟೈತಿ ಅಂದಿ? ಇದನ್ನ ನಾ ಯಾಕ ಒಯ್ಯಲಿ?" ಎಂದ ಮಾಮಾ.

ಪ್ರೀತಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮಾಮಾ ಹೋದ ಮೇಲೆ ಜಾಲರಿಯ ಬಟ್ಟೆ ಬಿಚ್ಚಿ ಒಗೆಯಲು ಒಯ್ದಳು. ಒಂದೇ ದಿನಕ್ಕೆ ಅದು ಕೆಂಪಾಗಿತ್ತು. ಡಬ್ಬಿಯಿಂದ ಎತ್ತಿದ ಅರಳೆಯ ತುಂಡು ಕಿಟಕಿಯಲ್ಲಿತ್ತು. ಕ್ಲಾಸಿನಲ್ಲಿ ತೋರಿಸಲು ಎತ್ತಿಟ್ಟಿದ್ದಳು. ಅದನ್ನು ನೋಡುತ್ತಿದ್ದಾಗ ಒಳಗೆ ಅಪ್ಪ ಕೆಮ್ಮಿದ.

ಪ್ರೀತಿ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಆಯಿಯ ಹತ್ತಿರ ಹೋದಳು.

"ಆಯಿ, ಅಪ್ಪ ಯಾವಾಗಿಂದ ಮಗ್ಗಕ್ಕ ನಿಂತಾನ?"

"ನಿನಗಿಂತ ಎರಡ ವರ್ಷ ದೊಡ್ಡಾಂವ ಇದ್ದ, ಅವಾಗಿಂದ."

"ಆ ಬಟ್ಟಿ ಇನ್ನೂ ಉಳದೈತಿ ಹೌದಿಲ್ಲೊ? ಇನ್ನೊಂದ್ ಹೊಲಿ. ಇದಕ್ಕ ಇಲಾಸ್ಟಿಕ್ ಬ್ಯಾಡ, ಲಾಡಿ ಇರಲಿ."

"ಇರೂದ ಒಂದ್ ಕಂಪ್ಯೂಟರ್. ಇನ್ನೊಂದ್ ಯಾರಿಗಿ?"

ಪ್ರೀತಿ ಮಗ್ಗದ ಕೋಣೆಯ ಕಡೆ ನೋಡಿದಳು. ಆಯಿಯೂ ನೋಡಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿದಳು.

ಸೋಮವಾರ ಬೆಳಿಗ್ಗೆ ಪೆನ್ ಡ್ರೈವನ್ನು ಚೀಲಕ್ಕೆ ಹಾಕಿಕೊಂಡು ಪ್ರೀತಿ ಅಪ್ಪನ ಹಿಂದೆ ಸ್ಟೂಲಿನ ಮೇಲೆ ನಿಂತು, ಆಯಿ ಹೊಲಿದ ಬಟ್ಟೆಯನ್ನು ಅವನ ಮೂಗಿಗೆ ಹಿಡಿದಳು.

"ಇದೇನ್ ಬೇ! ಮೂಗು ಕಟ್ಟಿದ್ರ ಉಸರ ಹೆಂಗ ಆಡ್ಲಿ?"

"ತೆಳ್ಳಗೈತಪ್ಪಾ. ಕಂಪ್ಯೂಟರಿಗಿ ಹಾಕೇನಲ್ಲ, ಅದ ಬಟ್ಟಿ. ಅಲುಗಾಡಬ್ಯಾಡ" ಎಂದು ಅವನ ತಲೆಯ ಹಿಂದೆ ಲಾಡಿ ಬಿಗಿದಳು. ಅಪ್ಪ ಗೊಣಗಿದ. ಬಿಚ್ಚಲಿಲ್ಲ.

ಸಂಜೆ ಅವಳು ಬಚ್ಚಲಲ್ಲಿ ಜಾಲರಿಯ ಬಟ್ಟೆ ಒಗೆಯುತ್ತಿದ್ದಾಗ ಅಪ್ಪ ಬಂದು ನಿಂತ. ತನ್ನ ಮೂಗಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದ. ಆಮೇಲೆ ಅದನ್ನು ಅವಳ ಕೈಗಿಟ್ಟ.

"ಇದನ್ನೂ ಒಗದ ಕೊಡವ್ವಾ. ನಾಳೆ ಬೇಕು."

ಕಂಪ್ಯೂಟರಿನದಕ್ಕಿಂತ ಅಪ್ಪನ ಬಟ್ಟೆ ಹೆಚ್ಚು ಕೆಂಪಾಗಿತ್ತು. ಪ್ರೀತಿ ಅದನ್ನು ಎರಡು ಸಲ ಒಗೆದಳು.