ಹದಿನಾಲ್ಕನೇ ಅಂಕಣದ ಬಿಸಿ

ಇದನ್ನು ನಾನು ಪ್ರಾಜೆಕ್ಟ್ ವರದಿಯಲ್ಲಿ ಬರೆಯಲಿಲ್ಲ. ಆಗ ನಾನು ಪಶುವಿಜ್ಞಾನದ ಎರಡನೇ ವರ್ಷದಲ್ಲಿದ್ದೆ. ಕಾರ್ಲ್‌ಸ್ಟಾಡ್ ಎಂಬ ಪರದೇಶದ ಊರಿನ ಹತ್ತಿರದ ಒಂದು ಹೈನು ಫಾರ್ಮಿನಲ್ಲಿ, ಹಸುಗಳು ಮಲಗಿ ಎದ್ದ ಹುಲ್ಲಿನ ಬಿಸಿಯನ್ನು ಥರ್ಮಲ್ ಕ್ಯಾಮೆರಾದಲ್ಲಿ ಅಳೆಯುವುದು ನನ್ನ ಕೆಲಸ. ಅಕ್ಟೋಬರ್ ಮಂಜು ಕೊಟ್ಟಿಗೆಯೊಳಗೂ ತೇಲುತ್ತಿತ್ತು.

ಕೊಟ್ಟಿಗೆಯಲ್ಲಿ ಒಂದೊಂದು ಹಸುವಿಗೂ ಮಲಗಲು ಒಂದೊಂದು ಅಂಕಣ; ಹದಿನಾಲ್ಕನೆಯದು ಖಾಲಿಯಿತ್ತು. ಆದರೂ ಪರದೆಯ ಮೇಲೆ ಅಲ್ಲಿನ ಹುಲ್ಲು ಹಸುವಿನ ಆಕಾರದಲ್ಲಿ ಕೆಂಪಗೆ ಹೊಳೆಯಿತು. ಹಸುಗಳೆಲ್ಲ ಹೊರಗೆ ಮೇಯುತ್ತಿದ್ದವು. ಮೆಲುಕು ಹಾಕುವ ಸದ್ದು ಮಾತ್ರ ನನ್ನ ಪಕ್ಕದಲ್ಲೇ ಕೇಳುತ್ತಿತ್ತು.

ನನ್ನ ಗೈಡ್ ನಿವೇದಿತಾ ಅಕ್ಕ ಬೆಂಗಳೂರಿನವರು. ಪರದೆ ನೋಡಿ ಕೇಳಿದರು: "ಕ್ಯಾಮೆರಾ ಕ್ಯಾಲಿಬ್ರೇಟ್ ಮಾಡಿದ್ಯಾ ರೂಹಿ? ಡೇಟಾ ತಪ್ಪಾದ್ರೆ ಪ್ರಾಜೆಕ್ಟೇ ಹೋಗುತ್ತೆ ನೋಡು."

"ಮೂರು ಸಲ ಮಾಡ್ದೆ ಅಕ್ಕಾ. ನೀವೇ ಹುಲ್ಲು ಮುಟ್ಟಿ ನೋಡಿ."

ಮುಟ್ಟಿದವರು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಫಾರ್ಮಿನ ಒಡತಿ ಇಂಗೆರ್ ಬಾಗಿಲಲ್ಲೇ ನಿಂತು ಹೇಳಿದರು: "ಅದು ಲಿಲ್ಯಾ ಮಲಗುತ್ತಿದ್ದ ಜಾಗ. ಏಪ್ರಿಲಿನಲ್ಲಿ ಆ ಹಸು ತುಂಬು ಗಬ್ಬದಲ್ಲೇ ಸತ್ತುಹೋಯಿತು. ಆಮೇಲೆ ಬೇರೆ ಯಾವ ಹಸುವೂ ಅಲ್ಲಿ ಮಲಗಿಲ್ಲ."

ಒಂಬತ್ತು ದಿನ ಆ ಬಿಸಿ ಒಂದೇ ಸಮನಾಗಿತ್ತು. ಹತ್ತನೇ ದಿನ ಅರ್ಧ ಡಿಗ್ರಿ ಇಳಿಯಿತು. ನನಗೆ ಸಮಾಧಾನವಾಯಿತು, ಆದರೆ ಅಕ್ಕನ ಮುಖ ಬಿಳಿಚಿಕೊಂಡಿತು.

"ಕರು ಹಾಕೋ ಹಿಂದಿನ ದಿನ ಹಸು ಮೈ ಹೀಗೇ ತಣ್ಣಗಾಗುತ್ತೆ ಕಣೇ," ಎಂದರು.

ಮರುದಿನ ಬೆಳಗ್ಗೆ ಇಬ್ಬರೂ ಜೊತೆಯಾಗಿ ಹೋದೆವು. ಯಾಕೋ ನನಗೆ ಭಯವಾಗಲಿಲ್ಲ, ನಿದ್ದೆಯಲ್ಲಿ ನಡೆದಂತಿತ್ತು. ಪರದೆಯ ಮೇಲೆ ದೊಡ್ಡ ಕೆಂಪಿನ ಪಕ್ಕದಲ್ಲಿ, ಮುದುಡಿ ಮಲಗಿದಂತೆ, ಇನ್ನೊಂದು ಚಿಕ್ಕ ಕೆಂಪು ಕಂಡಿತು. ಬಗ್ಗಿ ಕೈಯಿಟ್ಟೆ. ಅಲ್ಲಿನ ಹುಲ್ಲು ಒದ್ದೆಯಾಗಿತ್ತು.